ನಾನು ಡೊಂಕು ಮಾಡಿದ ಹಾದಿ

ಹಸಿ ಸುಣ್ಣದ ವಾಸನೆ ಬಂದರೆ ಇಂದಿಗೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಯಾರಾದರೂ ಹೊಸ ಮನೆ ಕಟ್ಟಿಸಿ, ಅಂಗಳದ ಅಂಚಿಗೆ ಇಟ್ಟಂಗಿಗಳನ್ನು ಓರೆಯಾಗಿ ನೆಟ್ಟು ಸುಣ್ಣ ಬಳಿದಿದ್ದರೆ, ನಾನು ಆ ಓಣಿ ಬಿಟ್ಟು ಬೇರೆ ಓಣಿ ಹಿಡಿಯುತ್ತೇನೆ. ಹಳೆಯ ಮನೆಗಳನ್ನು ನೆನೆದು ಮರುಗುವವರು ನಿಮ್ಮಲ್ಲೂ ಇದ್ದಾರೆ. ಕಾಲ ಅವನ್ನು ತಿಂದಿತು ಎನ್ನುತ್ತಾರೆ. ನಮ್ಮ ಮನೆಯ ಮುಂಭಾಗವನ್ನು ಕಾಲ ಮುಟ್ಟಿರಲಿಲ್ಲ. ಮ್ಯಾಟ್ರಿಕ್ ಪಾಸಾದ ಒಬ್ಬ ಮೂರ್ಖ ಒಂದೇ ದಿನದಲ್ಲಿ ಅದನ್ನು ಕೆಡಿಸಿದ. ಆ ಮೂರ್ಖ ನಾನು.

ನಿಡಗುಂದಿಯ ಹತ್ತಿರದ ಹಳ್ಳಿ ನಮ್ಮದು. ಮನೆಯಲ್ಲಿ ಅಪ್ಪ, ಅವ್ವ, ನಾನು, ಮತ್ತು ಅಪ್ಪನ ಅಕ್ಕ ನೀಲವ್ವತ್ತಿ. ಅತ್ತಿ ಗಂಡ ಸತ್ತ ಮೇಲೆ ತವರಿಗೆ ಬಂದವಳು. ಬಂದ ಕೆಲವು ವರ್ಷಕ್ಕೆ ಎರಡೂ ಕಣ್ಣು ಹೋದವು. ಆಗ ಅಪ್ಪ ತಾಳಿಕೋಟೆಯಿಂದ ಚಕ್ಕಡಿಯಲ್ಲಿ ಹನ್ನೊಂದು ಪರಸಿ ಕಲ್ಲಿನ ಚಪ್ಪಡಿ ತಂದು, ಹೊಸ್ತಿಲಿನಿಂದ ಓಣಿಯ ಬದಿಯ ಬೇವಿನ ಕಟ್ಟೆಯವರೆಗೆ ನೂಲು ಹಿಡಿದಂತೆ ನೇರವಾಗಿ ಹಾಸಿದ. ಎರಡೂ ಕಡೆ ಗುಡ್ಡದ ಗರಸು ಹೊಡೆಸಿದ. ನಮ್ಮ ಕಡೆಯ ಕಪ್ಪು ಎರೆಮಣ್ಣು ಮಳೆ ಬಿದ್ದರೆ ಕಾಲು ಹಿಡಿದು ಬಿಡುವುದಿಲ್ಲ. ಕಲ್ಲು ಬೆರೆತ ಆ ಗರಸಿನ ಮಣ್ಣು ಅಂಗಳದಲ್ಲಿದ್ದರೇ ಮನುಷ್ಯರು ಓಡಾಡಬಹುದು. ಅತ್ತಿ ಬರಿಗಾಲಿನ ಹೆಬ್ಬೆರಳಿನಿಂದ ಕಲ್ಲಿನ ಸಂದುಗಳನ್ನು ಮುಟ್ಟಿ ಎಣಿಸುತ್ತ, ಯಾರ ಕೈಯನ್ನೂ ಹಿಡಿಯದೆ ಕಟ್ಟೆಗೆ ಹೋಗಿ ಕೂಡುತ್ತಿದ್ದಳು. ಬೇವಿನ ಹೂವು ಅವಳ ಸೆರಗಿನ ಮೇಲೆ ಉದುರುತ್ತಿತ್ತು. ಶೇಂಗಾ ಸುಲಿಯುತ್ತ, ಹಾದು ಹೋಗುವವರನ್ನು ಹೆಜ್ಜೆಯ ಮೇಲೆಯೇ ಗುರುತು ಹಿಡಿಯುತ್ತಿದ್ದಳು.

"ಹುಸೇನಬಿ, ಇವತ್ತ ಕೊಡ ಅರ್ಧಾನಽ ತುಂಬೀದಿ. ಹೆಜ್ಜಿ ಹಗೂರ ಬೀಳಾಕತ್ತಾವು" ಎಂದರೆ, ನೀರು ತರುತ್ತಿದ್ದ ಪಕ್ಕದ ಮನೆಯ ಹುಸೇನಬಿ, "ಕಣ್ಣಿದ್ದ ನಮ್ಮತ್ತಿಗಿಂತ ನಿನ್ನ ಕಾಟಾನಽ ಹೆಚ್ಚಾತು ನೋಡವಾ" ಎಂದು ಕೊಡ ಇಳಿಸಿ ಪಕ್ಕದಲ್ಲಿ ಕೂಡುತ್ತಿದ್ದಳು. ಅತ್ತಿಗೆ ಊರು ಎಂದರೆ ಆ ಕಟ್ಟೆ. ಆ ಹನ್ನೊಂದು ಕಲ್ಲುಗಳ ಮೇಲೆ ಅವಳು ಯಾರ ಹಂಗಿನವಳೂ ಆಗಿರಲಿಲ್ಲ.

ಆಲಮಟ್ಟಿಯಲ್ಲಿ ಡ್ಯಾಮಿನ ಕೆಲಸ ಆಗ ಹೊಸದಾಗಿ ಶುರುವಾಗಿತ್ತು. ಗುಮಾಸ್ತನ ಕೆಲಸ ಕೇಳಲು ಹೋಗಿ, ಮೈಸೂರು ಕಡೆಯ ಒಬ್ಬ ಓವರಸೀಯರನ ಕ್ವಾರ್ಟರ್ಸಿನ ಮುಂದೆ ಅರ್ಧ ದಿನ ನಿಂತೆ. ಕ್ರೋಟನ್ ಗಿಡ, ಸುಣ್ಣದ ಇಟ್ಟಂಗಿ, ಹಾವಿನಂತೆ ಬಳಕಿದ ಹಾದಿ. ಆ ಬಣ್ಣಬಣ್ಣದ ಎಲೆಗಳನ್ನು ನೋಡಿ ನನಗೆ ನಮ್ಮ ಮನೆಯ ಬಗ್ಗೆ ನಾಚಿಕೆ ಹುಟ್ಟಿತು. ಹೂವಿಲ್ಲದ, ಕಾಯಿಲ್ಲದ, ಆಡು ಕೂಡ ಮೂಸಿ ಬಿಡುವ ಗಿಡಕ್ಕೆ ಮರುಳಾದ ನನ್ನ ಬುದ್ಧಿಗೆ ಏನೆನ್ನಲಿ? ಮುಂದಿನ ಆಯಿತವಾರ ನಮ್ಮೂರ ಮೇಲೆ ಹೋಗುವಾಗ ಮನೆಗೆ ಬರುತ್ತೇನೆ ಎಂದು ಆತ ಹೇಳಿದ್ದೇ ತಡ, ಅಂಗಳ ಬದಲಾಗಬೇಕೆಂದು ನಿಶ್ಚಯಿಸಿದೆ.

ಅಪ್ಪ ಎತ್ತು ನೋಡಲು ಮುದ್ದೇಬಿಹಾಳದ ಸಂತೆಗೆ ಹೋಗಿದ್ದ. ಅತ್ತಿ ಜ್ವರದಿಂದ ಒಳಗೆ ಮಲಗಿದ್ದಳು. ಪರಸಿಗಳನ್ನು ಕಿತ್ತು ಡೊಂಕಾಗಿ ಹಾಸಿದೆ. ಅವು ಮೊದಲಿದ್ದ ಕಡೆ ಗರಸು ಕೆರೆದು, ಗಿಡ ಚೆನ್ನಾಗಿ ಬರಲೆಂದು ಹೊಲದ ಎರೆಮಣ್ಣು ತಂದು ಸುರಿದು, ಆಲಮಟ್ಟಿಯಿಂದ ತಂದ ಕ್ರೋಟನ್ ಕಡ್ಡಿ ಹಚ್ಚಿ, ಅಂಚಿಗೆ ಇಟ್ಟಂಗಿ ನೆಟ್ಟೆ. ಮನೆಮನೆಗೂ ರೈತನಿರುವ ಊರಲ್ಲಿ ಅಂಗಳಕ್ಕೆ ಎರೆ ತಂದವನು ನಾನೊಬ್ಬನೇ. "ಅಪ್ಪ ಬರೂತನಕ ತಡಿಯೋ" ಎಂದಳು ಅವ್ವ. "ನಿನಗೇನ ತಿಳಿತೈತಿ, ಸುಮ್ಮನಿರು" ಎಂದೆ. ಒಳಗಿನಿಂದ ಅತ್ತಿ, "ಏನೋ ಅದು ಸಪ್ಪಳ?" ಎಂದಳು. "ಕಸಾ ತಗ್ಯಾಕತ್ತೇನಿ" ಎಂದೆ. ನಿಜ ಹೇಳಿದರೆ ಬೇಡ ಎಂದಾಳು ಎಂಬ ಭಯ. ಸಂಜೆಗೆ ಹೇಳಿದರಾಯಿತು ಅಂದುಕೊಂಡೆ. ಸಂಜೆ ಸುಣ್ಣ ಬಳಿಯುತ್ತ ಕೂತೆ.

ರಾತ್ರಿ ಮಳೆ ಬಿತ್ತು. ಬೆಳಗಿನ ಜಾವ ಜ್ವರ ಬಿಟ್ಟ ಅತ್ತಿ ಎದ್ದು, ಯಾವತ್ತಿನಂತೆ ನೇರವಾಗಿ ನಡೆದಳು. ನಾವು ಓಡಿ ಬರುವಷ್ಟರಲ್ಲಿ ಎರೆಯಲ್ಲಿ ಕಾಲು ಹೂತು, ಇಟ್ಟಂಗಿಯ ಮೇಲೆ ಬಿದ್ದಿದ್ದಳು. ಟೊಂಕದ ಎಲುಬು ಮುರಿದಿತ್ತು. ಮಧ್ಯಾಹ್ನ ಬಂದ ಅಪ್ಪ ಅಂಗಳ ನೋಡಿದ, ಹಾಸಿಗೆ ನೋಡಿದ.

"ಹಾದಿ ಬದಲ ಮಾಡೇನಿ ಅಂತ ಅಕ್ಕಗ ಹೇಳಿದ್ಯೇನು?"

"ಹೇಳೇನಿ" ಎಂದೆ.

ಅಪ್ಪ ಅತ್ತಿಯ ಕಡೆ ತಿರುಗಿದ. ಅವಳು, "ಹೇಳಿದ್ದ ಬಿಡೋ ತಮ್ಮಾ. ನಂದಽ ಮರವು" ಎಂದಳು. ನನಗೆ ಆಗ ಅಳು ಬರಲಿಲ್ಲ. ಪಾರಾದೆನಲ್ಲ ಎಂದು ಉಸಿರು ಬಿಟ್ಟೆ.

ಆಯಿತವಾರ ಓವರಸೀಯರ ಬಂದ. ಅತ್ತಿಯ ನರಳಾಟ ಕೇಳಿಸಬಾರದೆಂದು ನಾನು ನಡುಮನೆಯ ಬಾಗಿಲು ಮುಚ್ಚಿದೆ. ಆತ ಚಹಾ ಕುಡಿದು, ಬೂಟಿಗೆ ಹತ್ತಿದ ಎರೆಯನ್ನು ನಾನು ನೆಟ್ಟ ಇಟ್ಟಂಗಿಗೇ ತಿಕ್ಕಿ, "ಪರವಾಗಿಲ್ಲ ಕಣಯ್ಯ, ಟೇಸ್ಟ್ ಇದೆ ನಿನಗೆ" ಎಂದ. ಕೆಲಸ ಸಿಕ್ಕಿತು. ಆ ಹೊಗಳಿಕೆಯನ್ನು ವರ್ಷಗಟ್ಟಲೆ ಜನರ ಮುಂದೆ ಹೇಳಿಕೊಂಡು ತಿರುಗಿದ ನಾಚಿಕೆಗೇಡಿ ನಾನು.

ಅತ್ತಿ ಮತ್ತೆ ಏಳಲಿಲ್ಲ. ಒಂದು ದಿನ ನನ್ನನ್ನು ಕರೆದು, "ಹೊಸಾ ಹಾದಿ ಎಲ್ಲಿ ಹೊಳ್ಳತೈತಿ, ತೋರಿಸು" ಎಂದು ಅಂಗೈ ಚಾಚಿದಳು. ಬೆರಳಿನಿಂದ ಗೀರಿ ತೋರಿಸಿದೆ. "ಇಷ್ಟಽ ಏನು? ನಾಕ ದಿನದಾಗ ರೂಢಿ ಆಗತಿತ್ತಲ್ಲೋ. ಹೇಳಬೇಕಿತ್ತು" ಎಂದಳು. ಬೈಗುಳವಲ್ಲ, ಉಪ್ಪು ಕಡಿಮೆಯಾಗಿದೆ ಎಂದಂತೆ. ಆಗಲಾದರೂ ಅಪ್ಪನ ಬಳಿ ಹೋಗಿ ನಿಜ ಹೇಳಬಹುದಿತ್ತು. ಹೋಗಲಿಲ್ಲ. ಅಪ್ಪ ಸಾಯುವವರೆಗೂ ಹೇಳಲಿಲ್ಲ.

ಚಳಿಗಾಲ ಮುಗಿಯುವ ಮೊದಲು ಅತ್ತಿ ಹೋದಳು. ಊರೆಲ್ಲ ಬಂದಿತ್ತು. ಹೊಸ್ತಿಲು ದಾಟಿದ ಮೇಲೆ ಹೆಗಲು ಕೊಟ್ಟವರಲ್ಲಿ ಒಬ್ಬ, "ಈ ಡೊಂಕ ಹಾದ್ಯಾಗ ಹ್ಯಾಂಗ ಹೊಳ್ಳೂದ್ರಿ ಗೌಡ್ರ?" ಎಂದು ನಿಂತ. ಅಪ್ಪ ತಲೆ ಎತ್ತದೆ, "ನೇರ ನಡೀರಿ. ಆಕಿಗೆ ಅದಽ ಹಾದಿ ಗೊತ್ತು" ಎಂದ. ಅವರು ಇಟ್ಟಂಗಿ ಒದ್ದು, ಕ್ರೋಟನ್ ತುಳಿದು, ನೇರವಾಗಿ ಬೇವಿನ ಕಡೆ ನಡೆದರು. ಅವರ ಹಿಂದೆ ಅವ್ವ, ಹುಸೇನಬಿ, ಊರ ಹೆಣ್ಣುಮಕ್ಕಳೆಲ್ಲ. ಎಲ್ಲರ ಕೊನೆಗೆ ಹೊರಟ ನಾನೊಬ್ಬ ಮಾತ್ರ, ಉಳಿದ ಗಿಡಗಳಿಗೆ ಕಾಲು ತಗುಲಬಾರದೆಂದು, ಒಂದೊಂದೇ ಕಲ್ಲು ನೋಡಿ ತುಳಿಯುತ್ತ, ಆ ಡೊಂಕು ಹಾದಿಯಲ್ಲೇ ಸುತ್ತು ಹಾಕಿ ಹೋದೆ.