ನಿಲಾಯ್ ಗುಡ್ಡದ ಜಪಾನಿ ಗುಡಿ

"ಅಲ್ಲಿ ತಲೆ ಬಗ್ಗಿಸ್ಬೇಡಮ್ಮಾ," ಎಂದು ಹಿಂದಿನಿಂದ ಯಾರೋ ತಮಿಳಿನಲ್ಲಿ ಹೇಳಿದಾಗ ನಾನು ಎರಡು ಸಲ ಚಪ್ಪಾಳೆ ತಟ್ಟಿ, ಸೊಂಟ ಬಗ್ಗಿಸಿ ಫೋಟೋಗೆ ನಿಂತಿದ್ದೆ. ಜಪಾನಿನ ಶಿಂಟೋ ಗುಡಿಗಳಲ್ಲಿ ಜನ ಹಾಗೆಯೇ ಕೈಮುಗಿಯುತ್ತಾರೆ ಎಂದು ಎಲ್ಲೋ ಓದಿದ್ದೆ. ಮಗಳು ಮೊಬೈಲ್ ಹಿಡಿದು ನಗುತ್ತಿದ್ದಳು. ಮಲೇಷ್ಯಾದ ನಿಲಾಯ್ ಹತ್ತಿರದ ಈ ರಬ್ಬರ್ ತೋಟದ ಗುಡ್ಡದ ಮೇಲೆ, ಎರಡನೇ ಮಹಾಯುದ್ಧದಲ್ಲಿ ಈ ನಾಡನ್ನು ಹಿಡಿದಿದ್ದ ಜಪಾನಿ ಸೈನಿಕರು ಕಟ್ಟಿಸಿದ್ದ ಗುಡಿಯಲ್ಲಿ ಈಗ ಉಳಿದಿರುವುದು ಒಂದಷ್ಟು ಮೆಟ್ಟಿಲು, ಕೈ ತೊಳೆಯುವ ಕಲ್ಲಿನ ತೊಟ್ಟಿ ಅಷ್ಟೇ.

ಮಾತಾಡಿದವರು ತೋಟದ ಲೈನ್ ಮನೆಯ ಒಬ್ಬ ಮುದುಕರು. "ಯಾಕೆ ತಾತಾ?" ಎಂದೆ.

"ಈ ಕಲ್ಲು ಹೊತ್ತಿದ್ದು ನಮ್ಮಪ್ಪ. ದಿನಾ ಬೆಳಗ್ಗೆ ಕೂಲಿಯವರೆಲ್ಲ ಇಲ್ಲಿ ಬಗ್ಗಬೇಕಿತ್ತು. ಒಂದಿನ ಜ್ವರ ಬಂದು ಅಪ್ಪನ ಕೈಲಿ ಆಗ್ಲಿಲ್ಲ. ಆವತ್ತು ಸೈನಿಕರ ಕೈಲಿ ತಿಂದ ಹೊಡೆತಕ್ಕೆ ಆಮೇಲೆ ಯಾವತ್ತೂ ನೆಟ್ಟಗೆ ನಿಲ್ಲಲಿಲ್ಲ ಲಾ."

ಇಲ್ಲಿನವರ ರೂಢಿಯಂತೆ ಮಾತಿನ ಕೊನೆಗೆ 'ಲಾ' ಸೇರಿಸಿದ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು "ಸಾರಿ ತಾತಾ" ಎಂದಷ್ಟೇ ಹೇಳಿ, ಮಗಳ ಕೈಹಿಡಿದು ಕಾರಿನತ್ತ ನಡೆದೆ.

ಇನ್ನಷ್ಟು ಕೇಳಬೇಕೆಂದು ಮರುತಿಂಗಳು ಹೋದಾಗ ತಾತನ ಮನೆಗೆ ಬೀಗ ಹಾಕಿತ್ತು. ಕ್ಲಾಂಗ್ ಪಟ್ಟಣದಲ್ಲಿರುವ ತಮ್ಮ ಮಗಳ ಮನೆಗೆ ಹೋದರೆಂದು ಪಕ್ಕದವರು ಹೇಳಿದರು, ವಿಳಾಸ ಅವರಿಗೂ ಗೊತ್ತಿರಲಿಲ್ಲ. ಆ ಕಲ್ಲು ಹೊತ್ತವರ ಹೆಸರೇನೆಂದು ಕೇಳಲು, ತಾತ ಸಿಕ್ಕಿದ್ದ ಆ ದಿನ ನನಗೆ ತೋಚಲೇ ಇಲ್ಲ.