ಅಂಗಡಿ ಸೀರೆ

ಕಳೆದ ವಾರ ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟಿದ್ದ ಬಸ್ಸು ಮಸ್ಕಿಯಲ್ಲಿ ನಿಂತಾಗ, ಒಬ್ಬ ರೈತ ಕೈಚೀಲ ಹಿಡಿದು ಹತ್ತಿದ. ಚೀಲದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕದ ಬಾಟಲಿಗಳಿದ್ದವು. ನಮ್ಮ ಕಡೆ ಅದನ್ನು ಎಣ್ಣೆ ಎಂದೇ ಕರೆಯುತ್ತಾರೆ. ಯಾವುದೋ ಒಂದರ ಮುಚ್ಚಳ ಸಡಿಲವಾಗಿತ್ತೇನೋ, ಬೆಳ್ಳುಳ್ಳಿ ಮತ್ತು ಸೀಮೆಎಣ್ಣೆ ಬೆರೆತಂಥ ವಾಸನೆ ನನ್ನ ಸೀಟಿನವರೆಗೂ ಬಂತು.

“ಏ ಯಜಮಾನ, ಎಣ್ಣಿ ಬಾಟ್ಲಿ ತಗೊಂಡು ಮಂದಿ ನಡುವ ಕುಂದ್ರತೀಯಲ್ಲೋ!” ಎಂದು ಕಂಡಕ್ಟರ್ ಗದರಿದ.

“ಸೋರಂಗಿಲ್ಲ ತಗೋರಿ, ಕೂಸಿನಂಗ ಹಿಡ್ಕೊಂಡೀನಿ,” ಎಂದ ರೈತ.

ನಾನು ಕಿಟಕಿಯ ಗಾಜು ಸರಿಸಿ ಮುಖ ಹೊರಗೆ ಮಾಡಿದೆ. ಗಾಳಿ ಬಂತು, ಆದರೆ ವಾಸನೆ ಹೋಗಲಿಲ್ಲ... ಸಣ್ಣವ್ವನ ಕೈಯ ವಾಸನೆ ಅದು.

ಸಣ್ಣವ್ವ ನಮ್ಮ ಸಂಬಂಧಿಯಲ್ಲ. ಸಿಂಧನೂರಿನಲ್ಲಿ ನಮ್ಮ ಪಕ್ಕದ ಮನೆಯವಳು. ಅವ್ವನಿಗಿಂತ ಚಿಕ್ಕವಳಾದ್ದರಿಂದ ನನಗೆ ಸಣ್ಣವ್ವ. ಅವಳ ಗಂಡ ಭತ್ತ ಕೊಯ್ಯುವ ಯಂತ್ರದ ಡ್ರೈವರ್. ಕೊಯ್ಲು ಎಲ್ಲಿದೆಯೋ ಅಲ್ಲಿಗೆ ಹೋಗಿಬಿಡುತ್ತಿದ್ದ. ಮಕ್ಕಳಿರಲಿಲ್ಲ. ಅವಳು ಗೊಬ್ಬರ ಮತ್ತು ಎಣ್ಣೆ ಮಾರುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಹಿಂದಿನ ಗೋಡೌನಿನಿಂದ ಬಾಕ್ಸುಗಳನ್ನು ಮುಂದಿನ ಕಟ್ಟೆಗೆ ತಂದಿಡುವುದು ಅವಳ ಕೆಲಸ. ಬಾಕ್ಸನ್ನು ಎಲ್ಲರಂತೆ ಎರಡು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ನೀರಿನ ಕೊಡದಂತೆ ಸೊಂಟದ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಹಾಗೆ ಹೊತ್ತರೆ ಒಂದು ಕೈ ಖಾಲಿ ಇರುತ್ತದೆ, ಮಾತಾಡುವಾಗ ಆಡಿಸಲಿಕ್ಕೆ ಬೇಕಲ್ಲ ಎನ್ನುತ್ತಿದ್ದಳು.

ಅಂಗಡಿಗೆಂದೇ ಅವಳು ಒಂದು ಹಳೆಯ ಹಸಿರು ಸೀರೆ ಇಟ್ಟಿದ್ದಳು. ಸಂಜೆ ಬಂದವಳು ಯಾರನ್ನೂ ಮುಟ್ಟುತ್ತಿರಲಿಲ್ಲ. ಮೊದಲು ಸ್ನಾನ, ಆಮೇಲೆ ಆ ಸೀರೆಯನ್ನು ಬೇರೆಯಾಗಿ ಒಗೆದು, ಹಿತ್ತಲಿನ ಕೊನೆಯ ತಂತಿಗೆ ಹಾಕುವುದು. ಅಷ್ಟಾದ ಮೇಲೆ ಹುಣಸೆಹಣ್ಣಿನಿಂದ ಕೈ ತಿಕ್ಕಿಕೊಂಡು ನನ್ನ ಜಡೆ ಹಾಕಲು ಕೂರುತ್ತಿದ್ದಳು. ಎಷ್ಟು ತಿಕ್ಕಿದರೂ ಬೆರಳುಗಳಲ್ಲಿ ಆ ವಾಸನೆ ಸ್ವಲ್ಪ ಉಳಿದಿರುತ್ತಿತ್ತು.

“ಏನಷ್ಟು ಓದ್ತೀಯವ್ವಾ? ನಿನಗ ಬ್ಯಾಸರಾಗದಿದ್ರೂ ಪುಸ್ತಕಕ್ಕರ ಆಗೂದಿಲ್ಲೇನು?” ಎಂದು ಜಡೆ ಎಳೆಯುತ್ತಿದ್ದಳು. ನಾನು ಕಡಿಮೆ ಮಾತಿನವಳು. ಅವಳೆದುರು ಮಾತ್ರ ನಗು ಬರುತ್ತಿತ್ತು.

ನಾನು ಡಿಗ್ರಿ ಓದುತ್ತಿದ್ದಾಗ, ನಾಟಿ ಮುಗಿದು ಎಣ್ಣೆ ಹೊಡೆಯುವ ದಿನಗಳಲ್ಲಿ ಅದು ನಡೆಯಿತು. ಅಂಗಡಿ ತುಂಬ ತುರ್ವಿಹಾಳ, ಸಾಲಗುಂದದ ರೈತರಿದ್ದರಂತೆ. ಅವಳು ಸೊಂಟದ ಮೇಲಿಟ್ಟುಕೊಂಡ ಬಾಕ್ಸಿನೊಳಗೆ ಬಾಟಲಿಯೊಂದು ಸೋರಿ ರಟ್ಟಿನ ತಳ ನೆನೆದಿತ್ತು. ನಡೆಯುವಾಗ ಆ ತಳ ಕಿತ್ತುಬಂತು. ಬಾಟಲಿಗಳು ಬಿದ್ದು ಒಡೆದವು. ಸೊಂಟದಿಂದ ಪಾದದವರೆಗೆ ಸೀರೆ ತೊಯ್ದುಹೋಯಿತು.

ನೆಲಕ್ಕೆ ಎಣ್ಣೆ ಚೆಲ್ಲಿದರೆ ನೀರು ಹಾಕಬಾರದು, ಒಣಮಣ್ಣು ಹಾಕಿ ಹೀರಿಸಿ ಬಳಿಯಬೇಕು ಎಂದು ಅಂಗಡಿಯ ಸಾವ್ಕಾರರು ಅವಳಿಗೆ ಕಲಿಸಿದ್ದರು. ಅವಳು ಮಾಡಿದ್ದೂ ಅದನ್ನೇ. ರೈತರ ಬರಿಗಾಲು ತಾಗದಿರಲಿ ಎಂದು, ತೊಯ್ದ ಸೀರೆಯಲ್ಲೇ ಬಗ್ಗಿ ಮಣ್ಣು ಸುರಿದು, ಬಳಿದು, ಚೀಲಕ್ಕೆ ತುಂಬಿದಳು. ನೆಲ ಮೊದಲು ಸ್ವಚ್ಛವಾಯಿತು.

ಸಾವ್ಕಾರರಿಗೆ ಮುಂದಿನದೂ ಗೊತ್ತಿತ್ತು. “ಮಣ್ಣು ಸಾಕು, ಸೀರಿ ಬಿಚ್ಚು ಮೊದಲ! ನಳದ ಕೆಳಗ ನಿಂದ್ರು, ಜಲ್ದಿ!” ಎಂದು ಕೂಗಿದರಂತೆ.

ಕಟ್ಟೆಯ ಬಳಿ ಇದ್ದ ಯಾರೋ, “ಏನ್ ಸಾವ್ಕಾರ, ಹಾಡಹಗಲ ಹಿಂಗ ಅಂತೀರಿ?” ಎಂದ. ಎಲ್ಲರೂ ನಕ್ಕರು. ಸಣ್ಣವ್ವನೂ ನಕ್ಕಳಂತೆ. ನಳ ಇದ್ದದ್ದು ಅಂಗಡಿಯ ಮುಂದೆ, ಬಯಲಿನಲ್ಲಿ. ಸಾವ್ಕಾರರು ನಾಚಿ ಸುಮ್ಮನಾದರು.

“ಮಂದ್ಯಾಗ ಹೆಂಗ ಬಿಚ್ಚಲ್ರೀ? ಮನಿಗೆ ಹೋಗಿ ಬದಲಿ ಮಾಡಿ ಬರ್ತೀನಿ,” ಎಂದು ಅವಳು ಹೊರಟಳು. ಆಟೋ ಹತ್ತಿದರೆ ಸೀಟು ಕೆಡುತ್ತದೆಂದು ನಡೆದೇ ಬಂದಳು, ಬಿಸಿಲಿನಲ್ಲಿ, ನೆರಿಗೆಯನ್ನು ಕಾಲಿನಿಂದ ದೂರ ಹಿಡಿದುಕೊಂಡು.

ಅವಳ ಮನೆಯ ಕೀಲಿಕೈ ನಮ್ಮಲ್ಲಿರುತ್ತಿತ್ತು. ನಾನು ಹಿಡಿದು ಓಡಿದೆ.

“ಅಲ್ಲೇ ನಿಂದ್ರು! ಮುಟ್ಟಬ್ಯಾಡ, ಅಂಗಡಿ ಸೀರಿ ಐತಿ. ಕೀಲಿ ಒಗಿ.”

ದೂರದಿಂದಲೇ ಎಸೆದೆ. ಬಗ್ಗಿ ಎತ್ತಿಕೊಂಡಳು. ಒಳಗೆ ನೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಬೇರೆ ಸೀರೆ ಉಟ್ಟು ಹೊಸ್ತಿಲಿಗೆ ಬಂದು ಕುಳಿತವಳ ಮುಖದಿಂದ ಬೆವರು ಇಳಿಯುತ್ತಿತ್ತು. ಬಾಯಲ್ಲಿ ನೀರು ನಿಲ್ಲುತ್ತಿರಲಿಲ್ಲ. ಕಣ್ಣು ಮಂಜಾಗ್ಯಾವ ಎಂದಳು. ಆಗ ಮುಟ್ಟಿದೆ. ಬೇಡ ಎನ್ನಲು ಅವಳಿಗೆ ಉಸಿರಿರಲಿಲ್ಲ...

ದವಾಖಾನೆಯಲ್ಲಿ ಡಾಕ್ಟರು ಯಾವ ಔಷಧ ಎಂದು ಕೇಳಿದರು. ಸಾವ್ಕಾರರು ಬಾಟಲಿಯ ಚೀಟಿ ತೋರಿಸಿದರು. ಎಷ್ಟು ಹೊತ್ತು ಮೈಮೇಲಿತ್ತು ಎಂದು ಕೇಳಿದಾಗ, ಮನೆಗೆ ನಡೆದು ಹೋಗುವಷ್ಟು ಎಂದರು. ಗಂಡ ಬರುವುದರೊಳಗೆ ಅವಳು ಹೋಗಿದ್ದಳು. ಅವಳ ದಿನಕಾರ್ಯದಂದು ನಮ್ಮ ಪಡಸಾಲೆಯಲ್ಲಿ ಕುಳಿತು ಸಾವ್ಕಾರರು ಇದೆಲ್ಲವನ್ನೂ ಅಪ್ಪನಿಗೆ ಹೇಳಿದರು. “ನಾ ನಾಚ್ಕೋಬಾರದಿತ್ತು, ಮಾಸ್ತರ,” ಎನ್ನುವುದನ್ನೇ ಹೇಳಿ ಹೇಳಿ ಅತ್ತರು. ಆ ತಮಾಷೆ ಮಾಡಿದವನಿಗೆ ಅವಳು ಸತ್ತದ್ದು ಗೊತ್ತಾಯಿತೋ ಇಲ್ಲವೋ ತಿಳಿಯದು. ಅವನು ಕೆಟ್ಟವನಾಗಿರಲಾರ.

ಈಗ ನಾನು ಲಿಂಗಸುಗೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಪ್ರಯೋಗಾಲಯದ ಮೊದಲ ತರಗತಿಯಲ್ಲಿ, ಮೈಮೇಲೆ ಆಸಿಡ್ ಚೆಲ್ಲಿದರೆ ಆ ಬಟ್ಟೆಯನ್ನು ತಕ್ಷಣ ತೆಗೆದು ನೀರಿನ ಕೆಳಗೆ ನಿಲ್ಲಬೇಕು ಎನ್ನುತ್ತೇನೆ. ಪ್ರತಿ ವರ್ಷವೂ ಹುಡುಗಿಯರು ಒಬ್ಬರನ್ನೊಬ್ಬರು ನೋಡುತ್ತಾರೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾರೆ. ಈ ಸಲ ಮುದಗಲ್ಲಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿಯೇಬಿಟ್ಟಳು: “ಹುಡುಗ್ರು ಇಲ್ಲೇ ಇರ್ತಾರಲ್ರೀ ಮೇಡಂ?”

“ಇರೂದಿಲ್ಲ,” ಎಂದೆ.

ನನ್ನ ತರಗತಿಯ ಮೊದಲ ನಿಯಮ ಅದು. ಹುಡುಗಿಯ ಮೇಲೆ ಏನಾದರೂ ಚೆಲ್ಲಿದರೆ ಹುಡುಗರೆಲ್ಲ ಒಂದು ಮಾತೂ ಆಡದೆ ಹೊರಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಅಂದು ಆ ಗಂಡಸರು ರಸ್ತೆಗಿಳಿದು ಬೆನ್ನು ತಿರುಗಿಸಿದ್ದರೆ ಸಾಕಿತ್ತು. ಬೇರೇನೂ ಬೇಕಿರಲಿಲ್ಲ.

ಅದರ ಅಭ್ಯಾಸವನ್ನೂ ಮಾಡಿಸುತ್ತೇನೆ. ಹುಡುಗರು ಹೊರಗೆ ಹೋಗುತ್ತಾರೆ, ಹುಡುಗಿಯರು ಬಾಗಿಲು ಹಾಕಿಕೊಳ್ಳುತ್ತಾರೆ. ಮೇಡಂ ಇದರಲ್ಲಿ ಇಷ್ಟೇಕೆ ಕಟ್ಟುನಿಟ್ಟು ಎಂದು ಅವರಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ. ಕೋಣೆ ನಿಶ್ಶಬ್ದವಾದ ಮೇಲೆ ನಾನೇ ನಳ ತಿರುಗಿಸುತ್ತೇನೆ. ನೀರು ಜೋರಾಗಿ ಸುರಿಯುತ್ತದೆ. ಅದರ ಕೆಳಗೆ ಯಾರೂ ಇರುವುದಿಲ್ಲ.