ಕೂಸಿನ ಕಿವಿಯಲ್ಲಿ ನಾನು ಹೇಳದ ಹೆಸರು

ವೈನಿ, ಕೂಸಿನ ಕಿವಿಯಲ್ಲಿ ನಾನು ನಿಮ್ಮ ತಂಗಿಯ ಹೆಸರು ಹೇಳಿರಲಿಲ್ಲ. ಹೇಳಿದ್ದೇನೆಂದು ನಿಮ್ಮ ಕೈ ಹಿಡಿದು ಆಡಿದ ಮಾತು ಸುಳ್ಳು. ಅದಕ್ಕಿಂತ ಮೊದಲು, ತೊಟ್ಟಿಲ ಮುಂದೆ ಎಲ್ಲರೆದುರು ನಾನಾಡಿದ್ದು ಬಾಯಿ ತಪ್ಪಿ ಬಂತು ಎಂದಿದ್ದೆನಲ್ಲ — ಅದೂ ಸುಳ್ಳು. ಬಾಯಿ ತಪ್ಪಿರಲಿಲ್ಲ. ಹಿಂದಿನ ದಿನವೇ ಮಾತು ಜೋಡಿಸಿಕೊಂಡು, ಹೇಳುವಾಗ ಮುಖ ಎಷ್ಟು ಪೆದ್ದಾಗಿರಬೇಕು ಎಂಬುದನ್ನೂ ಯೋಚಿಸಿಟ್ಟುಕೊಂಡಿದ್ದೆ.

ನೀವು ಅಣ್ಣನ ಹೆಂಡತಿಯಾಗಿ ಕಮಲಾಪುರದಿಂದ ಕಲಬುರಗಿಯ ನಮ್ಮ ಮನೆಗೆ ಬಂದಾಗ ನಾನು ಹಾಸಿಗೆ ಹಿಡಿದಿದ್ದೆ. ಕೀಲು ಊದುವ ಜ್ವರ ಎದೆಗೂ ತಾಗಿತ್ತು. ಕಾಲೇಜಿನ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ಮನೆಯಲ್ಲೇ ಓದಿ ಹೊರಗಿನಿಂದ ಪರೀಕ್ಷೆ ಕಟ್ಟುವುದೆಂದು ಅಣ್ಣ ತೀರ್ಮಾನಿಸಿದ. ಶರಣಸಿರಸಗಿ ಕಡೆಯ ಹೊಸ ಲೇಔಟು, ಸುತ್ತ ಇನ್ನೂ ತೊಗರಿ ಹೊಲ, ಮಾತಾಡಿಸುವ ಗೆಳತಿಯೊಬ್ಬಳಿಲ್ಲ. ನನ್ನ ಮುಂದೆ ಇದ್ದದ್ದು ಪ್ರಾಚೀನ ರೋಮಿನ ಇತಿಹಾಸ — ಬಾಯಲ್ಲಿ ತಿರುಗದ ಹೆಸರುಗಳು, ಮುಗಿಯದ ಯುದ್ಧಗಳು. ಪುಸ್ತಕ ಎಸೆದು ಅಳುತ್ತಿದ್ದೆ. ಇತಿಹಾಸದಲ್ಲಿ ಎಂ.ಎ. ಮಾಡಿ ಒಲೆ ಮುಂದೆ ಕೂತಿದ್ದ ನೀವು ಅದನ್ನು ಎತ್ತಿಕೊಂಡಿರಿ.

ಪರಾತದಲ್ಲಿ ಜೋಳದ ಹಿಟ್ಟು ಗುಡ್ಡೆ ಹಾಕಿ ರೋಮಿನ ಏಳು ಗುಡ್ಡ ಮಾಡಿದಿರಿ. ನಡುವೆ ಬೆರಳಿಂದ ಗೆರೆ ಎಳೆದು ನೀರು ಬಿಟ್ಟು ನದಿ ಹರಿಸಿದಿರಿ. ಅವ್ವ ಬಂದು ನೋಡಿ ಬೈದಳು.

"ಹಿಟ್ಟು ಹಾಳ ಮಾಡಬ್ಯಾಡ್ರೇ, ನಿಮ್ಮ ರೋಮು ಸುಡ್ಲಿ!"

"ಸುಡೋದು ಮುಂದಿನ ಪಾಠದಾಗ ಅದರೀ ಅತ್ತಿ," ಎಂದಿರಿ ನೀವು. ಜ್ವರ ಬಂದ ಮೇಲೆ ನಾನು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ. ನೀವು ನನ್ನನ್ನು ಓದಿಸಿದ್ದು ಮಾತ್ರವಲ್ಲ, ಬದುಕಿಸಿದ್ದೂ ನೀವೇ — ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದು ಎಂಥದ್ದು ಎಂದು ತಿಳಿಯಲಿ.

ಆಮೇಲೆ ಆ ಪಾಠ ಬಂತು. ಸತ್ತ ದೊರೆಯ ಮೇಲೆ ಸಿಟ್ಟು ಉಳಿದಿದ್ದರೆ ರೋಮಿನವರು ಅವನ ಹೆಸರನ್ನು ಕಲ್ಲುಗಳಿಂದ ಕೆತ್ತಿ ತೆಗೆಸುತ್ತಿದ್ದರು, ಪ್ರತಿಮೆಗಳ ಮುಖ ಒಡೆಸುತ್ತಿದ್ದರು. ತಮ್ಮನನ್ನು ಕೊಲ್ಲಿಸಿದ ಒಬ್ಬ ಅಣ್ಣ, ಮನೆಮಂದಿಯ ಚಿತ್ರದಲ್ಲಿದ್ದ ತಮ್ಮನ ಮುಖವನ್ನೂ ಉಳಿಸಲಿಲ್ಲ. ನೀವು ಹೇಳುತ್ತ ಹೇಳುತ್ತ ನಿಂತುಬಿಟ್ಟಿರಿ. "ನಮ್ಮ ಮನ್ಯಾಗೂ ಒಬ್ಬಾಕಿದು ಹಂಗ ತಗದಾರ, ಮಂದಾ," ಎಂದಿರಿ.

ವನಮಾಲಾ. ನಿಮಗಿಂತ ಚಿಕ್ಕವಳು. ತಾನು ಮೆಚ್ಚಿದ ಹುಡುಗನನ್ನು ಮನೆಯವರು ಒಪ್ಪಲಿಲ್ಲವೆಂದು ನಿಮ್ಮ ಬಾಳೆತೋಟದ ಬಾವಿಗೆ ಹಾರಿದವಳು. ಊರಿಗೆ, ನಂತರ ನಮ್ಮ ಮನೆಗೆ, ಜ್ವರದಿಂದ ಸತ್ತಳೆಂದು ಹೇಳಿದ್ದರು. ಅವಳ ಹೆಸರು ಮನೆಯಲ್ಲಿ ಯಾರೂ ಎತ್ತಕೂಡದು ಎಂದು ನಿಮ್ಮಪ್ಪ ಅಪ್ಪಣೆ ಮಾಡಿದ್ದರು. ಪಡಸಾಲೆಯ ಫೋಟೋದಲ್ಲಿ ಅವಳಿದ್ದ ಭಾಗ ಕತ್ತರಿಸಿ ತೆಗೆದಿದ್ದರು. ಆದರೆ ನಿಮ್ಮ ಭುಜದ ಮೇಲೆ ಅವಳಿಟ್ಟಿದ್ದ ಕೈ ಮಾತ್ರ ಕತ್ತರಿಗೆ ಸಿಗದೆ ಉಳಿದಿತ್ತು. "ಅದನ್ನ ನೋಡಲಿಕ್ಕ ನಾ ತವರಿಗಿ ಹೋಗ್ತೀನಿ," ಎಂದಿರಿ.

ಬಸುರಿಯಾದಾಗ ನೀವು ನನ್ನಲ್ಲಿ ಒಂದೇ ಒಂದು ಬೇಡಿದಿರಿ. ನಮ್ಮ ಕಡೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ, ಅಪ್ಪನ ತಂಗಿ. ಅವಳು ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಹೇಳಬೇಕು, ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಆಮೇಲೆ ಅವಳು ಎದ್ದು ಕೂಗಿದ ಹೆಸರೇ ಹೆಸರು — ಹಿರಿಯರೂ ಮತ್ತೆ ಬದಲಿಸುವಂತಿಲ್ಲ. "ಹೆಣ್ಣ ಹುಟ್ಟಿದ್ರ ವನಮಾಲಾ ಅಂತ ಕರಿ. ಅಪ್ಪ ಒಂದ ಕ್ಷಣ ಉರದಾರು. ಆದ್ರ ತೊಟ್ಟಲದಾಗಿನ ಹೆಸರು ಅವರಿಂದಲೂ ಅಳಸಲಿಕ್ಕ ಆಗಂಗಿಲ್ಲ. ನಿನ್ನ ಬಿಟ್ರ ನನಗ ಯಾರೂ ಇಲ್ಲ ಮಂದಾ." ನಾನು ನಿಮ್ಮ ಹೊಟ್ಟೆ ಮುಟ್ಟಿ ಆಣೆ ಮಾಡಿದೆ.

ಹೆಣ್ಣೇ ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಕಮಲಾಪುರಕ್ಕೆ ಬಂದೆವು. ಹಿಂದಿನ ಸಂಜೆ ಹೆಂಗಸರೆಲ್ಲ ಹೋಳಿಗೆ ಲಟ್ಟಿಸುತ್ತಿದ್ದರು. ನಾನು ಗೋಡೆಗೆ ಒರಗಿ ಕೂತಿದ್ದೆ. ನಿಮ್ಮ ನಾದಿನಿ ಕೆಲಸಕ್ಕೆ ಕೈ ಹಚ್ಚುವುದಿಲ್ಲವೇ ಎಂದು ಯಾರೋ ಕೇಳಿದರು. ಕೂಸನ್ನು ಮಡಿಲಲ್ಲಿಟ್ಟುಕೊಂಡು ನೀವು ನಕ್ಕಿರಿ.

"ಆಕಿ ಎದಿ ವೀಕ್ ಅದರೀ. ರೋಮ್ ಸಾಮ್ರಾಜ್ಯ ಒಂದ ಬಿಟ್ರ ಬ್ಯಾರೆ ಏನೂ ಹೊರಂಗಿಲ್ಲ."

ಎಲ್ಲರೂ ನಕ್ಕರು. ಅಷ್ಟೇ ವೈನಿ. ನೀವು ಮಾಡಿದ ತಪ್ಪು ಅಷ್ಟೇ. ಅದರಲ್ಲಿ ಪ್ರೀತಿಯೇ ಇತ್ತು, ನನ್ನ ಪರವಾಗಿ ಆಡಿದ ಮಾತೇ ಅದು. ಆದರೆ ಆ ನಗುವಿನಲ್ಲಿ ನಾನು ರೋಗಿಷ್ಠ ಹುಡುಗಿಯಾಗಿ ಉಳಿದೆ, ನೀವು ತುಂಬಿದ ಮಡಿಲಿನ ತಾಯಿ. ತಿಂಗಳುಗಟ್ಟಲೆ ನನ್ನೊಬ್ಬಳದೇ ಆಗಿದ್ದ ನೀವು ನನ್ನ ಕಡೆ ತಿರುಗಿ ನೋಡದೆ ಕೂಸಿನ ಮೂಗು ಒರೆಸಿದಿರಿ. ನಾನೂ ಎಲ್ಲರ ಜೊತೆ ನಕ್ಕೆ. ನಗುತ್ತಲೇ ನಿಮ್ಮನ್ನು ಎಲ್ಲಿ ಹೊಡೆದರೆ ಮತ್ತೆ ಏಳಲಾರಿರಿ ಎಂದು ಹುಡುಕಿದೆ. ಹುಡುಕಾಟವೇನೂ ಬೇಕಿರಲಿಲ್ಲ — ನೀವೇ ಹೇಳಿಕೊಟ್ಟಿದ್ದಿರಿ.

ಮರುದಿನ ತೊಟ್ಟಿಲಿಗೆ ಬಗ್ಗಿದೆ. "ಮೆಲ್ಲಕ ಗುದ್ರಿ, ಆಕಿಗಿ ಆರಾಮ ಇಲ್ಲ," ಎಂದು ನೀವು ಹೆಂಗಸರಿಗೆ ಹೇಳುತ್ತಿದ್ದದ್ದು ಕೇಳಿಸಿತು. ಕೂಸಿನ ಕಿವಿಯಲ್ಲಿ ನಮ್ಮಜ್ಜಿಯ ಹೆಸರು ಹೇಳಿದೆ, ಪದ್ಮಾವತಿ ಎಂದು. ಎದ್ದು ನಿಂತೆ. ಏನ ಹೆಸರು, ಏನ ಹೆಸರು ಎಂದು ಎಲ್ಲರೂ ಕೇಳಿದರು. ನಿಮ್ಮ ಕಣ್ಣು ನನ್ನ ಬಾಯಿ ಮೇಲೆಯೇ ಇತ್ತು, ತುಟಿ ಆಗಲೇ ನಗಲು ಶುರುಮಾಡಿತ್ತು —

"ಪದ್ಮಾವತಿ," ಎಂದೆ. ಆಮೇಲೆ, ಏನೂ ಅರಿಯದವಳ ಹಾಗೆ, "ವೈನಿಗಿ ವನಮಾಲಾ ಅಂತ ಇಡಬೇಕಂತ ಭಾಳ ಆಸಿ ಇತ್ತು. ಆದ್ರ ಬಾವ್ಯಾಗ ಹಾರಿದಾಕಿ ಹೆಸರು ಕೂಸಿಗಿ ಹ್ಯಾಂಗ ಇಡೂದು?"

ಮೊದಲು ಅವ್ವ ಬಾಯಿ ತೆರೆದಳು. "ಬಾವ್ಯಾಗ? ಜ್ವರಾ ಬಂದು ಸತ್ತಾಳಂತ ಹೇಳಿದ್ರಲ್ಲ ನಮಗ!" ನಿಮ್ಮಪ್ಪ ನಿಮ್ಮ ಹತ್ತಿರ ಬಂದು ನಿಂತರು. ಧ್ವನಿಯನ್ನೂ ಏರಿಸಲಿಲ್ಲ. "ಆ ಹೆಸರು ಎತ್ತಬ್ಯಾಡಂತ ಹೇಳಿದ್ದೆ. ಇವತ್ತಿಂದ ನೀನೂ ಈ ಮನಿಗಿ ಬರಬ್ಯಾಡ," ಎಂದು ಒಳಗೆ ಹೋದರು. ನನಗೆ ಆಗ ಏನನ್ನಿಸಿತು ಗೊತ್ತೇ? ಹೆದರಿಕೆಯಲ್ಲ. ಪಾಠ ಚೆನ್ನಾಗಿ ಒಪ್ಪಿಸಿದ ಹುಡುಗಿಯ ಸಮಾಧಾನ. ಆವತ್ತು ನನಗೆ ಖುಷಿಯೇ ಆಗಿತ್ತು.

ಅಲ್ಲಿಂದ ಹೊರಡುವ ಮುನ್ನ ಬಾಣಂತಿ ಕೋಣೆಯಲ್ಲಿ ನೀವು ನನ್ನ ಕೈ ಹಿಡಿದಿರಿ. ಬೈಯಲಿಲ್ಲ. ನಾನು ಪೆದ್ದಿ, ಗಾಬರಿಯಲ್ಲಿ ಬಾಯಿಬಿಟ್ಟೆ ಎಂದು ನಂಬಿಬಿಟ್ಟಿದ್ದಿರಿ, ನಾನೂ ಹೌದೆಂದೆ. "ಹೋಗ್ಲಿ. ಕಿವ್ಯಾಗರ ಆಕಿ ಹೆಸರು ಅಂದೆಯಿಲ್ಲೋ?" — ಹಾಗೆ ಬೇಡುವ ದನಿ ನಿಮ್ಮ ಬಾಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಅಂದೆನೆಂದು ತಲೆಯಾಡಿಸಿದೆ. ನೀವು ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಿರಿ.

ಆ ಸುಳ್ಳು ಕರುಣೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕರುಣೆಯಲ್ಲ ವೈನಿ. ರೋಮಿನ ಪಾಠ ಅರ್ಧಕ್ಕೆ ನಿಂತಿತ್ತು, ಪರೀಕ್ಷೆ ಹತ್ತಿರ ಬಂದಿತ್ತು, ಓದಿಸಲು ನೀವು ಬೇಕಿತ್ತು.

ಓದಿಸಿದಿರಿ. ಮಡಿಲಲ್ಲಿ ಕೂಸು, ಕೈಯಲ್ಲಿ ಪುಸ್ತಕ. ನನಗೆ ಪಾಠ ಹೇಳುತ್ತಿದ್ದ ಆ ದಿನಗಳಲ್ಲೇ ಅವ್ವ ನಿಮ್ಮೊಬ್ಬರ ಕೈಗೆ ಕೂಸನ್ನು ನೀರೆರೆಯಲು ಕೊಡುತ್ತಿರಲಿಲ್ಲ. ಮಾಳಿಗೆಯ ನೀರಿನ ಟಾಕಿಗೆ ಬೀಗ ಹಾಕಿಸಿದಳು. "ರಕ್ತದಾಗ ಅದ, ಏನ ಹೇಳಬೇಕು," ಎಂದು ಬಂದವರಿಗೆಲ್ಲ ನಿಮಗೆ ಕೇಳುವ ಹಾಗೆ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ದೊರೆಗಳ ಹೆಸರು ಬಾಯಿಪಾಠ ಮಾಡುತ್ತಿದ್ದೆ. ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಒಳ್ಳೆಯ ಅಂಕ ಬಂದವು. ಈಗ ಇದೇ ಊರಿನ ಕಾಲೇಜಿನಲ್ಲಿ ಹುಡುಗಿಯರಿಗೆ ಅದೇ ಪಾಠ ಹೇಳುತ್ತೇನೆ, ಹೆಸರು ಕೆತ್ತಿ ತೆಗೆದ ಜಾಗಕ್ಕೆ ಬಂದಾಗ ಪುಟ ಬೇಗ ತಿರುಗಿಸುತ್ತೇನೆ.

ಹೋದ ತಿಂಗಳು ನಿಮ್ಮಪ್ಪ ತೀರಿಕೊಂಡರು. ಪದ್ಮಾವತಿ ಆಗಲೇ ನಿಮ್ಮೆತ್ತರ ಬೆಳೆದಿದ್ದಾಳೆ. ತೊಟ್ಟಿಲ ದಿನದ ನಂತರ ನೀವು ಕಮಲಾಪುರದ ಮನೆಯ ಹೊಸ್ತಿಲು ತುಳಿದದ್ದು ಆ ಸಾವಿಗೆ ಹೋದಾಗಲೇ. ಪಡಸಾಲೆಗೆ ಹೋಗಿ ನೋಡಿದರೆ ಆ ಫೋಟೋ ಇರಲಿಲ್ಲ. ಸುಣ್ಣ ಹಚ್ಚುವಾಗ ಯಾರೋ ಎಸೆದಿದ್ದರಂತೆ. ಭುಜದ ಮೇಲಿನ ಕೈಯೂ ಹೋಯಿತು. ವಾಪಸ್ಸು ಬರುವ ಬಸ್ಸಿನಲ್ಲಿ ನೀವು ಕಿಟಕಿಯ ಕಡೆ ನೋಡುತ್ತ ಹೇಳಿದಿರಿ: "ಹೋಗ್ಲಿ ಬಿಡು ಮಂದಾ. ಕೂಸಿನ ಕಿವ್ಯಾಗರ ಆಕಿ ಹೆಸರು ಬಿದ್ದದಲ್ಲ. ನೀ ಅಷ್ಟರ ಮಾಡಿದಿ. ನನಗ ಅದ ಸಾಕು."

ನಿಮಗೆ ಉಳಿದದ್ದು ಅದೊಂದೇ, ಅದೂ ನನ್ನ ಸುಳ್ಳು. ಹೇಳದೆ ಉಳಿದರೆ ಸಾಯುವವರೆಗೂ ಮಾಡದ ಉಪಕಾರಕ್ಕೆ ನಿಮ್ಮಿಂದ ಹೊಗಳಿಸಿಕೊಳ್ಳುತ್ತ ಬದುಕಬೇಕು. ಹೇಳಿದರೆ ಉಳಿದಿದ್ದನ್ನೂ ನಾನೇ ಕಿತ್ತುಕೊಂಡ ಹಾಗೆ. ಎರಡರಲ್ಲೂ ಕ್ರೂರಿ ನಾನೇ —

ಆದರೂ ಇಲ್ಲಿ ಬರೆದದ್ದನ್ನೆಲ್ಲ ನಾಳೆ ಬಾಯಿಂದಲೇ ಹೇಳುತ್ತೇನೆ, ನಿಮ್ಮೆದುರು ಕೂತು, ಪದ್ಮಾವತಿಯನ್ನೂ ಕೂರಿಸಿಕೊಂಡು. ಅವಳಿಗೊಬ್ಬ ಚಿಕ್ಕಮ್ಮ ಇದ್ದಳೆಂದು, ಅವಳ ಹೆಸರು ವನಮಾಲಾ ಎಂದು. ವರ್ಷಗಟ್ಟಲೆ ಯಾರೂ ಎತ್ತದ ಆ ಹೆಸರನ್ನು ಆ ಮನೆಯಲ್ಲಿ ಎಲ್ಲರೆದುರು ಹೇಳಿದವಳು ನಾನೊಬ್ಬಳೇ, ಹೇಳಿದ್ದು ನಿಮ್ಮನ್ನು ಕೊಲ್ಲಲು. ಅದನ್ನೂ ಹೇಳುತ್ತೇನೆ.

ಕೇಳಿದ ಮೇಲೆ ನೀವು ನನ್ನನ್ನು ಇನ್ನೆಂದೂ ಮಂದಾ ಎಂದು ಕರೆಯದಿದ್ದರೆ, ಕರೆಯಬೇಡಿ ವೈನಿ.